ಅಪ್‌ಡೇಟ್: ಮಂಗಳೂರಿನ ಸೆಕೆಯಲ್ಲಿ 21 ಕಿ.ಮೀ. ಓಟ

ಸೆಕೆಯಲ್ಲಿ ಹಾಫ್ ಮ್ಯಾರಥಾನ್ ಓಡುವಾಗ ಎಲೆಕ್ಟ್ರೊಲೈಟ್ (ಸೋಡಿಯಂ, ಪೊಟ್ಯಾಶಿಯಂನಂಥ ಲವಣ ಬೆರೆತ ಪಾನೀಯ) ಯಾವಾಗ, ಎಷ್ಟು ಕುಡಿಯಬೇಕು ಅಂತ ಕೇಳಿದ್ದೆ. ಓಟ ಚೆನ್ನಾಗಿ ಮುಗಿಯಿತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎಳನೀರೇ ಸಾಕಲ್ವಾ ಅಂದಿದ್ದರು ಕೆಲವರು. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಉಪ್ಪು, ಗ್ಲೂಕೋಸ್ ಬೆರೆತ ಓಆರ್‌ಎಸ್ ಪುಡಿಯನ್ನೇ ಆರಿಸಿಕೊಂಡೆ. ದೊಡ್ಡ ಪ್ಯಾಕೆಟ್‌ಗೆ ಸರಿಯಾಗಿ 1 ಲೀಟರ್ ನೀರು. ಓಟಕ್ಕೆ ಮುಂಚೆ ಒಂದು ಲೋಟ, ಆಮೇಲೆ ಬಾಯಾರಿದಾಗ ಒಂದೆರಡು ಗುಟುಕು. ಕೊನೆಗೆ ಟೋಪಿಯ ಅಂಚಲ್ಲಿ ಉಪ್ಪಿನ ಬಿಳಿ ಗೆರೆ ಕಟ್ಟಿತ್ತು, ಆದರೆ ತಲೆಸುತ್ತು ಬರಲಿಲ್ಲ. ಮೀನಖಂಡ ಹಿಡಿದುಕೊಂಡಿದ್ದು ಮಾತ್ರ ತಪ್ಪಲಿಲ್ಲ. ಸೆಳೆತಕ್ಕೆ ಸುಸ್ತೂ ಕಾರಣ, ಬರೀ ಉಪ್ಪಿನ ಕೊರತೆಯಲ್ಲ.

ಇದೊಂದನ್ನು ದಯವಿಟ್ಟು ಗಮನಿಸಿ: ಎಲೆಕ್ಟ್ರೊಲೈಟ್ ಅಲ್ವಾ ಅಂತ ಸುಮ್ನೆ ಲೀಟರ್‌ಗಟ್ಟಲೆ ಕುಡಿಯಬೇಡಿ. ಅದರಲ್ಲಿರುವುದೂ ಬಹುಪಾಲು ನೀರೇ, ಅತಿಯಾದರೆ ರಕ್ತ ತೆಳುವಾಗಿ ಅದರ ಸೋಡಿಯಂ ಮಟ್ಟ ಇಳಿದು ಜೀವಕ್ಕೇ ಅಪಾಯ. ಬಿಪಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.