ಐಬಿಎಸ್ ಇದ್ದರೆ ಪಿತ್ತಕೋಶ ತೆಗೆಸಬೇಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 38 ವರ್ಷ, ಊರು ದಾವಣಗೆರೆ. ಐದು ವರ್ಷದಿಂದ ಐಬಿಎಸ್ (ಕರುಳು ಪದೇ ಪದೇ ಕೆರಳುವ ತೊಂದರೆ) ಇದೆ. ಬೆಣ್ಣೆದೋಸೆ ತಿಂದ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತದೆ, ಶೌಚಕ್ಕೆ ಹೋಗಿ ಬಂದರೆ ನೋವು ಇಳಿಯುತ್ತದೆ. ಸ್ಕ್ಯಾನಿನಲ್ಲಿ ಕಲ್ಲು ಇಲ್ಲ. ಪಿತ್ತಕೋಶದ ಕೆಲಸ ಅಳೆಯುವ ಹೈಡಾ ಸ್ಕ್ಯಾನಿನಲ್ಲಿ ಅದು ಶೇ. 31ರಷ್ಟು ಮಾತ್ರ ಖಾಲಿಯಾಗುತ್ತಿದೆ ಎಂದು ಬಂದಿದೆ. ತೆಗೆಸಿಬಿಡಿ ಎನ್ನುತ್ತಿದ್ದಾರೆ. ಏನು ಮಾಡಲಿ? ನೋವಿಗೆ ದಿನವೂ ಡೈಸೈಕ್ಲೋಮಿನ್ ನುಂಗುತ್ತೇನೆ.

ಉತ್ತರ (ಜೀರ್ಣಾಂಗ ತಜ್ಞರು): ಅಮ್ಮಾ, ಈಗಲೇ ಒಪ್ಪಿಕೊಳ್ಳಬೇಡಿ. ನೀವು ಕೊನೆಗೆ ಬರೆದ ಮಾತ್ರೆಯೇ ನನ್ನ ಕಣ್ಣಿಗೆ ಮೊದಲು ಬಿತ್ತು. ಕರುಳಿನ ಸೆಳೆತ ಬಿಡಿಸುವ ಆ ಮಾತ್ರೆ ಪಿತ್ತಕೋಶದ ಸ್ನಾಯುವನ್ನೂ ಸಡಿಲಿಸಬಲ್ಲದು. ಪರೀಕ್ಷೆಯ ದಿನ ಅದನ್ನು ನುಂಗಿದ್ದಿರಾ?

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ, 30ರಿಂದ 50 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ. ಬೆಣ್ಣೆ ಜಠರದಿಂದ ಸಣ್ಣ ಕರುಳಿಗೆ ಇಳಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಟು ಈ ಚೀಲವನ್ನು ಹಿಂಡುತ್ತದೆ. ಅದೇ ಹಾರ್ಮೋನು ದೊಡ್ಡ ಕರುಳನ್ನೂ ಕೆಣಕಬಲ್ಲದು. ಹಾಗಾಗಿ ಜಿಡ್ಡು ಆಗಿಬರುವುದಿಲ್ಲ ಎಂದ ಮಾತ್ರಕ್ಕೆ ಪಿತ್ತಕೋಶ ಕೆಟ್ಟಿದೆ ಎಂದಲ್ಲ. ಐಬಿಎಸ್ ಇರುವವರ ಪಿತ್ತಕೋಶ ಮಂದವೋ ಚುರುಕೋ ಎಂಬ ಬಗ್ಗೆ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ.

ಪಿತ್ತಕೋಶದ ನೋವು ಮೇಲ್ಹೊಟ್ಟೆಯಲ್ಲೋ ಬಲ ಪಕ್ಕೆಯ ಕೆಳಗೋ ಏರಿ, ಅರ್ಧ ಗಂಟೆಗೂ ಮೀರಿ ಒಂದೇ ಸಮ ನಿಲ್ಲುತ್ತದೆ. ಬೆನ್ನಿಗೆ, ಬಲ ಭುಜಕ್ಕೆ ಹರಡಬಹುದು. ಶೌಚಕ್ಕೆ ಹೋದರೂ ಅದು ಜಗ್ಗುವುದಿಲ್ಲ. ನಿಮ್ಮ ನೋವು ಇಳಿಯುತ್ತಿದೆ. ಐಬಿಎಸ್ ಇರುವವರಲ್ಲಿ ಈ ಶಸ್ತ್ರಚಿಕಿತ್ಸೆ ಉಳಿದವರಿಗಿಂತ ಹೆಚ್ಚಾಗಿ ನಡೆಯುತ್ತದೆ. ಕರುಳಿನ ನೋವಿಗೆ ಪಿತ್ತಕೋಶ ಬಲಿಯಾಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಬ್ಬ ಸದಸ್ಯೆ: ಅಕ್ಕಾ, ನಾನು ತೆಗೆಸಿ ಎರಡು ವರ್ಷವಾಯಿತು. ನೋವು ಹಾಗೆಯೇ ಇದೆ, ಜೊತೆಗೆ ಬೆಳಗ್ಗೆ ನಾಲ್ಕೈದು ಸಲ ಹಳದಿ ನೀರಿನಂಥ ಭೇದಿ. ಬಸ್ ಹತ್ತುವ ದಿನ ತಿಂಡಿಯನ್ನೇ ಬಿಡುತ್ತೇನೆ. ಡಾಕ್ಟರೇ, ಇದಕ್ಕೆ ಪರಿಹಾರವಿಲ್ಲವೇ?

ಉತ್ತರ: ಇದೆಯಮ್ಮ. ಕೂಡಿಡುವ ಚೀಲವಿಲ್ಲದಿದ್ದರೆ ಪಿತ್ತರಸ ಹೊತ್ತುಗೊತ್ತಿಲ್ಲದೆ ಕರುಳಿಗೆ ಜಿನುಗುತ್ತಿರುತ್ತದೆ. ಪಿತ್ತರಸದಲ್ಲಿರುವ ಪಿತ್ತಾಮ್ಲದ ಸುಮಾರು ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಮರಳಿ ಹೀರಿಕೊಳ್ಳಬೇಕು. ತಪ್ಪಿಸಿಕೊಂಡದ್ದು ಹೆಚ್ಚಾಗಿ ದೊಡ್ಡ ಕರುಳಿಗೆ ಬಿದ್ದರೆ ಅಲ್ಲಿ ನೀರು ಸ್ರವಿಸಿ ಭೇದಿಯಾಗುತ್ತದೆ. ಅದನ್ನು ಹಿಡಿದಿಡುವ ಕೊಲೆಸ್ಟಿರಮೈನ್ ಪುಡಿಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ನುಂಗಬೇಕು. ಪಿತ್ತಕೋಶ ಇದ್ದೂ ಭೇದಿಯಿಂದ ಬಳಲುವ ಐಬಿಎಸ್ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದೇ ತೊಂದರೆ ಇರುತ್ತದೆ. ಇಬ್ಬರಿಗೂ ಒಂದು ಮಾತು: ಮಲದಲ್ಲಿ ರಕ್ತ, ಕಾಮಾಲೆ, ಜ್ವರ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಡಾಕ್ಟರೇ, ಸ್ಕ್ಯಾನಿನ ದಿನ ಬೆಳಗ್ಗೆಯೂ ಮಾತ್ರೆ ನುಂಗಿದ್ದೆ. ಯಾರೂ ಕೇಳಲಿಲ್ಲ.

ಉತ್ತರ: ಹಾಗಿದ್ದರೆ ಆ 31ನ್ನು ನಂಬಿ ಕತ್ತರಿಗೆ ಒಪ್ಪಬೇಡಿ. ಎರಡು ವಾರ ತಿಂದದ್ದು, ನೋವು ಎಲ್ಲಿ ಬಂತು, ಎಷ್ಟು ಹೊತ್ತು ಇತ್ತು ಎಂದು ಬರೆದಿಡಿ. ಅದನ್ನು ವೈದ್ಯರಿಗೆ ತೋರಿಸಿ. ಮತ್ತೆ ಪರೀಕ್ಷೆ ಬೇಕೆಂದರೆ, ಈ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ಕೇಳಿಕೊಂಡು ಹೋಗಿ.