ಮನೆಗೆ ಹಳೇ ಶೈಲಿಯ ಟ್ಯೂಬ್ ಆಂಪ್ ಬೇಕು: 5, 15, 22 ವ್ಯಾಟಿನಲ್ಲಿ ಯಾವುದು? (ಸಂಜೆ ವೋಲ್ಟೇಜ್ ಬೀಳುತ್ತೆ)

ತೋಟದಮನೆ_ಗಿಟಾರ್, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ತೋಟದ ಮನೆ ನಮ್ಮದು. ಸ್ಟ್ರಾಟ್ ಥರದ ಗಿಟಾರ್ ಇದೆ, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ಹಿಡಿಯುವ, ಒಂದೇ ಸುರುಳಿಯ ಭಾಗ). ಈಗಿರುವ ಟ್ರಾನ್ಸಿಸ್ಟರ್ ಆಂಪ್ ಕ್ಲೀನ್‌ನಲ್ಲಿ ಪರವಾಗಿಲ್ಲ, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದರೆ ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ ಕೇಳುತ್ತೆ. ನನಗೆ ಬೇಕಿರುವುದು ಟ್ಯೂಬ್ (ಗಾಜಿನ ವಾಲ್ವ್) ಇರುವ ಆಂಪ್‌ಗಳ ಆ ಹಳೇ ಸದ್ದು: ಮೆಲ್ಲಗೆ ಮೀಟಿದರೆ ಕ್ಲೀನ್, ಜೋರಾಗಿ ಮೀಟಿದರೆ ಸದ್ದು ತಾನಾಗೇ ಒಡೆದು ಗರಗರ ಆಗಬೇಕು, ಪೆಡಲ್ ಇಲ್ಲದೆ.

ಮೂರು ಕಣ್ಣಲ್ಲಿವೆ. ಫೆಂಡರ್ ಚಾಂಪ್ ಮಾದರಿಯಲ್ಲಿ ಕಟ್ಟಿದ 5 ವ್ಯಾಟಿನದು ಒಂದು. ಸೆಕೆಂಡ್ ಹ್ಯಾಂಡ್ ವಾಕ್ಸ್ ಎಸಿ15 ಒಂದು. ಇನ್ನೊಂದು ಡಿಲಕ್ಸ್ ರಿವರ್ಬ್, ಪರಿಚಯದವರು ಅಮೆರಿಕದಿಂದ ತಂದಿದ್ದು, 120 ವೋಲ್ಟ್. ಮನಸ್ಸು ಮೂರನೆಯದರ ಮೇಲೇ ಇದೆ.

ತೊಂದರೆ ಏನಂದ್ರೆ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ, ಆಗ ಇನ್ವರ್ಟರ್. ಈಗಿನ ಆಂಪ್‌ನಲ್ಲೇ ಗುಂಯ್ ಅನ್ನುವ ಸದ್ದು ಜಾಸ್ತಿ ಇದೆ. ಟ್ಯೂಬ್ ಆಂಪ್ ತಗೊಂಡರೆ ಇದು ಹೋಗುತ್ತಾ? ಮನೆಯಲ್ಲಿ ಅಜ್ಜಿ ಬೇಗ ಮಲಗುತ್ತಾರೆ, ಅದನ್ನೂ ನೋಡಬೇಕು.

ಸೋಲ್ಡರ್_ಹಾಸನ

ಮೊದಲು ಗುಂಯ್ ಸದ್ದಿನ ವಿಷಯ, ಯಾಕಂದ್ರೆ ಅದು ಆಂಪ್ ಬದಲಿಸಿದರೆ ಹೋಗುವಂಥದ್ದಾ ಅಂತ ಈಗಲೇ ಗೊತ್ತಾಗಬೇಕು. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ನಿಂತರೆ ಅದು ಪಿಕಪ್ ಕಡೆಯಿಂದ ಬರುತ್ತಿದೆ. ವಾಲ್ಯೂಮ್ ಮತ್ತೆ ಏರಿಸಿ, ಗಿಟಾರ್ ಹಿಡಿದುಕೊಂಡೇ ನಿಧಾನಕ್ಕೆ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆದರೆ ಸಿಂಗಲ್ ಕಾಯಿಲ್ ಸುತ್ತಲಿನ ವೈರಿಂಗ್, ಚಾರ್ಜರ್, ಇನ್ವರ್ಟರ್ ಎಲ್ಲವನ್ನೂ ಹಿಡಿಯುತ್ತಿದೆ ಅಂತ ಅರ್ಥ. ಟ್ಯೂಬ್ ಆಂಪ್ ಅದನ್ನು ವಾಸಿ ಮಾಡುವುದಿಲ್ಲ, ಗೇನ್ ಇದ್ದಷ್ಟು ಇನ್ನೂ ಚೆನ್ನಾಗಿ ಕೇಳಿಸುತ್ತೆ. ವಾಲ್ಯೂಮ್ ಸೊನ್ನೆ ಇದ್ದರೂ, ಕೇಬಲ್ ಕಿತ್ತರೂ ಸದ್ದು ಇದ್ದರೆ ಆಗ ಆಂಪ್ ಅಥವಾ ಕರೆಂಟಿನ ಕಡೆ ನೋಡಬೇಕು. ಒಂದು ಸಲ ಇನ್ವರ್ಟರಿನಲ್ಲಿ, ಒಂದು ಸಲ ಲೈನಿನಲ್ಲಿ ಕೇಳಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಜರ್ರ್ ಅನ್ನುವ ಸದ್ದು ಖಂಡಿತ ಬರುತ್ತೆ.

ಅರ್ತಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಾರು ವೋಲ್ಟ್ ತೋರಿಸಿದರೆ ಆಂಪ್ ಮಾತು ಆಮೇಲೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ತೆಗೆಯಬೇಡಿ, ಯಾರು ಹೇಳಿದರೂ ಬೇಡ. ಕೈಯಲ್ಲಿರುವುದು ಲೋಹದ ತಂತಿ, ಅದು ಆಂಪ್‌ನ ಅರ್ತ್‌ಗೇ ಸೇರಿರುತ್ತೆ.

ಈಗ ಡಿಲಕ್ಸ್ ರಿವರ್ಬ್. ಆಂಪ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. 1963ರಲ್ಲಿ ಬಂದಿದ್ದು, 22 ವ್ಯಾಟ್, ಎರಡು 6ವಿ6 ಪವರ್ ಟ್ಯೂಬ್ (ಸ್ಪೀಕರ್ ಓಡಿಸುವ ದೊಡ್ಡ ಟ್ಯೂಬ್). ಆದರೆ ನಿಮ್ಮ ಮನೆಗೆ ಬೇಡ ಅಂತೀನಿ. ಅದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆ ಓಡಬೇಕು. 230 ಇದ್ದಾಗ 120 ಕೊಡುವ ಪೆಟ್ಟಿಗೆ, 190 ಬಂದಾಗ ಕೊಡುವುದು 99. ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬೇಕು, ಆಗ ಸಿಗುವುದು ಸುಮಾರು 5.2. ಹೀಟರ್ ಶೇಕಡ 10ರ ಆಚೀಚೆ ತಡೆದುಕೊಳ್ಳುತ್ತೆ, ಇದು ಶೇಕಡ 17 ಕಮ್ಮಿ. ಸದ್ದು ಸಪ್ಪೆಯಾಗುತ್ತೆ, ದಿನಾ ಹೀಗೇ ಓಡಿಸಿದರೆ ಟ್ಯೂಬಿಗೂ ಒಳ್ಳೇದಲ್ಲ. ಇನ್ನೊಂದು ವಿಷಯ, ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಸ್ಟೆಪ್ ಡೌನ್ ಹಾಕಿದರೆ ವೋಲ್ಟೇಜ್ ಬದಲಾಗುತ್ತೆ, ಹರ್ಟ್ಸ್ ಬದಲಾಗುವುದಿಲ್ಲ. ಬರೀ 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಕಾಯುತ್ತೆ. ಹಿಂದಿನ ತಗಡಿನ ಮೇಲೆ 50/60 ಅಂತ ಇದೆಯಾ ನೋಡಿ. ಅದರಲ್ಲಿ ಒಟ್ಟು 9 ಟ್ಯೂಬ್ ಇರುತ್ತವೆ, ಪವರ್ ಟ್ಯೂಬ್ ಬದಲಿಸಿದಾಗ ಬಯಾಸ್ (ಸುಮ್ಮನಿರುವಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಬೇಕು. ಅದನ್ನು ಗೊತ್ತಿರುವವರೇ ಮಾಡಬೇಕು, ನಿಮಗೆ ಅವರು ಸಿಗುವುದು ಬೆಂಗಳೂರಿನಲ್ಲಿ.

ಚಾಂಪ್ ಇದಕ್ಕೆ ಪೂರ್ತಿ ಉಲ್ಟಾ. ಹಳೇ 5ಎಫ್1 ಸರ್ಕ್ಯೂಟಿನಲ್ಲಿ ಮೂರೇ ಟ್ಯೂಬ್: ಸಣ್ಣ ಸಿಗ್ನಲ್ ಹಿಗ್ಗಿಸಲು ಒಂದು 12ಎಎಕ್ಸ್7, ಪವರಿಗೆ ಒಂದು 6ವಿ6, ರೆಕ್ಟಿಫೈಯರಿಗೆ (ಎಸಿಯನ್ನು ಡಿಸಿ ಮಾಡಲು) 5ವೈ3. ಕ್ಯಾಥೋಡ್ ಬಯಾಸ್, ಅಂದರೆ ಬಯಾಸ್ ತಾನಾಗೇ ಹೊಂದಿಕೊಳ್ಳುತ್ತೆ, ಹಾಗಾಗಿ ಟ್ಯೂಬ್ ಹಾಕಿದರೆ ಆಯಿತು, ಏನೂ ತಿರುಗಿಸಬೇಕಿಲ್ಲ. ವಾಲ್ಯೂಮ್ ಏರಿಸಿದರೆ ಆ ಒಂದೇ 6ವಿ6 ಒಡೆಯುವ ಸದ್ದು ಇದೆಯಲ್ಲ, ನಿಮಗೆ ಬೇಕಿರುವುದು ಅದೇ.

ತೋಟದಮನೆ_ಗಿಟಾರ್

ತುಂಬಾ ಥ್ಯಾಂಕ್ಸ್ ಅಣ್ಣ. ನೋಡಿದೆ, ತಿರುಗಿದರೆ ಸದ್ದು ಬದಲಾಗುತ್ತೆ, ಇನ್ವರ್ಟರ್ ಇರುವ ಗೋಡೆ ಕಡೆ ತಿರುಗಿದರೆ ಜೋರು. ಹಾಗಾದರೆ ಪಿಕಪ್ಪೇ. ಡಿಲಕ್ಸ್ ಬಿಟ್ಟೆ. ಆದರೆ 5 ವ್ಯಾಟ್ ಸಾಕಾಗುತ್ತಾ? ಊರ ಹಬ್ಬದಲ್ಲಿ ಡ್ರಮ್ಸ್ ಜೊತೆ ಒಂದೆರಡು ಸಲ ನುಡಿಸಬೇಕು. 15ಕ್ಕೆ ಹೋದರೆ ಮೂರು ಪಟ್ಟು ಜೋರಾಗಿ ಅಜ್ಜಿಗೆ ತೊಂದರೆಯಾಗುತ್ತಾ?

ಸಕಲೇಶಪುರ_ಟೋನ್

ನಡುವೆ ಬಂದೆ, ಕ್ಷಮಿಸಿ. ಹಾಸನದವರು ಹೇಳಿದ್ದು ಬಹುತೇಕ ಒಪ್ತೀನಿ, ಚಾಂಪ್ ವಿಷಯ ಮಾತ್ರ ಇಲ್ಲ. ಅದರ 8 ಇಂಚಿನ ಸ್ಪೀಕರ್ ರೆಕಾರ್ಡಿಂಗಿಗೆ ಬಲು ಚೆನ್ನ, ಮನೆಯಲ್ಲಿ ಸ್ಟ್ರಾಟ್ ಹಾಕಿ ಕೇಳಿದರೆ ಪೆಟ್ಟಿಗೆಯೊಳಗಿಂದ ಬಂದ ಹಾಗಿರುತ್ತೆ, ದಪ್ಪ ತಂತಿಗಳ ಸದ್ದಿಗೆ ತೂಕವೇ ಇರುವುದಿಲ್ಲ. ಜೊತೆಗೆ ಒಂದೇ ಪವರ್ ಟ್ಯೂಬಿನ ಆಂಪ್‌ನಲ್ಲಿ ಹಮ್ (ಗುಂಯ್ ಸದ್ದು) ಸಹಜವಾಗಿ ಸ್ವಲ್ಪ ಜಾಸ್ತಿ. ಎರಡು ಟ್ಯೂಬಿನ ಪುಶ್ ಪುಲ್‌ನಲ್ಲಿ ಸಪ್ಲೈಯಿಂದ ಬರುವ ಹಮ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲೇ ಒಂದಕ್ಕೊಂದು ಹೊಡೆದುಹೋಗುತ್ತೆ, ಇಲ್ಲಿ ಹಾಗಾಗುವುದಿಲ್ಲ.

ವ್ಯಾಟ್ ನೋಡಿ ಹೆದರಬೇಡಿ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. 5ರಿಂದ 15ಕ್ಕೆ ಹೋದರೆ ಏರುವುದು 5 ಡೆಸಿಬೆಲ್ಲಿಗಿಂತ ಸ್ವಲ್ಪ ಕಮ್ಮಿ. ಅಂದರೆ 5 ವ್ಯಾಟನ್ನೂ ಪೂರ್ತಿ ಏರಿಸಿದರೆ ಅಜ್ಜಿ ಏಳುತ್ತಾರೆ! ಮನೆಯಲ್ಲಿ ಉಪಯೋಗಕ್ಕೆ ಬರುವುದು ಮಾಸ್ಟರ್ ವಾಲ್ಯೂಮ್, ಅಂದರೆ ಗೇನ್ ಹಾಗೇ ಇಟ್ಟು ಒಟ್ಟು ಸದ್ದನ್ನು ಮಾತ್ರ ಇಳಿಸುವ ಗುಂಡಿ. ಈಗಿನ ಎಸಿ15ರಲ್ಲಿ ಅದಿದೆ, 1958ರಲ್ಲಿ ಬಂದ ಮೂಲದ್ದರಲ್ಲಿ ಇರಲಿಲ್ಲ. ಎರಡು ಇಎಲ್84 ಪವರ್ ಟ್ಯೂಬ್, 12 ಇಂಚಿನ ಸ್ಪೀಕರ್. ಡ್ರಮ್ಸ್ ಜೊತೆ ಕ್ಲೀನ್ ಬೇಕಂದ್ರೆ 15 ವ್ಯಾಟ್ ಬೇಕೇ ಬೇಕು.

ಸದ್ದು ಫೆಂಡರ್ ಥರ ಇರುವುದಿಲ್ಲ, ಅದನ್ನು ಮೊದಲೇ ಹೇಳ್ತೀನಿ. ಇದು ಇಂಗ್ಲೆಂಡಿನ ಸದ್ದು, ಮೇಲಿನ ಸ್ವರಗಳಲ್ಲಿ ಮಿಂಚು ಜಾಸ್ತಿ, ಒಡೆಯುವಾಗ ಸ್ವಲ್ಪ ಗರಗರ. ಸ್ಟ್ರಾಟಿಗೆ ಟ್ರೆಬಲ್ ಇಳಿಸಿಕೊಳ್ಳಬೇಕಾಗುತ್ತೆ.

ಸೋಲ್ಡರ್_ಹಾಸನ

ಡ್ರಮ್ಸ್ ಇದೆ ಅಂದಮೇಲೆ ಸಕಲೇಶಪುರದವರ ಮಾತೇ ಸರಿ, 15 ತಗೊಳ್ಳಿ. ಆದರೆ 230 ವೋಲ್ಟಿನದೇ ಆಗಿರಲಿ. ಅದಕ್ಕೂ 190 ಕಮ್ಮಿಯೇ, ಒಳ್ಳೇ ಸ್ಟೆಬಿಲೈಸರ್ ಹಾಕಿ. ಆಂಪ್ ಹಿಂದೆ ಬರೆದಿರುವ ವ್ಯಾಟಿನ ಎರಡರಷ್ಟು ತಾಳುವಂಥದ್ದು ಇರಲಿ. ಸ್ಪೀಕರಿನ 15 ವ್ಯಾಟ್ ಬೇರೆ, ಗೋಡೆಯಿಂದ ಎಳೆಯುವ ವ್ಯಾಟ್ ಬೇರೆ. ಇನ್ವರ್ಟರಿನಲ್ಲಿ ಓಡಿಸಬೇಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಗಿಟಾರ್ ಸಿಕ್ಕಿಸುವ ಮೊದಲು ಬರೀ ಆನ್ ಮಾಡಿ ಕೇಳಿ. ಆಮೇಲೆ ಸುಮಾರು ಅರ್ಧ ಗಂಟೆ ನುಡಿಸಿ, ಬಿಸಿಯಾದ ಮೇಲೆ ಚರಚರ, ಸದ್ದು ಇಳಿಯುವುದು, ಕರಕಲು ವಾಸನೆ ಇದೆಯಾ ನೋಡಿ. ಹಿಂದಿನಿಂದ ಪೆನ್ಸಿಲ್ ತುದಿಯಲ್ಲಿ ಸಣ್ಣ ಟ್ಯೂಬುಗಳನ್ನು ಮೆಲ್ಲಗೆ ತಟ್ಟಿ. ಒಂದು ಟಣ್ ಅಂತ ಜೋರಾಗಿ ಕೂಗಿದರೆ ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ (ಅದುರನ್ನೇ ಸದ್ದಾಗಿಸುತ್ತಿದೆ), ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಿ ಕೇಳಬಹುದು. ಪವರ್ ಟ್ಯೂಬಿನೊಳಗಿನ ತಗಡು ಕೆಂಪಗೆ ಕಾದಿದ್ದರೆ ತಕ್ಷಣ ಆಫ್ ಮಾಡಿ, ಆ ಆಂಪ್ ಬೇಡ. ಚಾಸಿ (ಒಳಗಿನ ಲೋಹದ ಪೆಟ್ಟಿಗೆ) ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಜಾಸ್ತಿ ನಿಂತಿರಬಹುದು.

ಸಕಲೇಶಪುರ_ಟೋನ್

ಮಳೆಗಾಲದ್ದೂ ಒಂದು ಮಾತು. ಜೂನ್ ಬಂತು ಅಂದ್ರೆ ನಮ್ಮ ಕಡೆ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಬರುತ್ತೆ. ಸ್ಪೀಕರಿನ ಕೋನ್ ಕಾಗದದ್ದು. ನೆಲದ ಮೇಲೆ, ಹೊರಗೋಡೆಗೆ ಒತ್ತಿ ಇಡಬೇಡಿ. ನುಡಿಸದಿದ್ದರೂ ಆಗಾಗ ಹಚ್ಚಿ ಬಿಸಿ ಮಾಡಿ, ಒಳಗಿನ ತೇವ ಹೋಗುತ್ತೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ತೋಟದಮನೆ_ಗಿಟಾರ್

ಎಸಿ15 ಇಟ್ಟಿರುವವರಿಗೆ ಫೋನ್ ಮಾಡಿದೆ. ಹಿಂದೆ 230 ವೋಲ್ಟ್ ಅಂತಲೇ ಬರೆದಿದೆಯಂತೆ. ಈ ವಾರ ಹೋಗಿ ನೋಡ್ತೀನಿ. ಕೊನೇದೊಂದು: ರಾತ್ರಿ ಸ್ಪೀಕರ್ ವೈರ್ ಕಿತ್ತು, ಬರೀ ಹೆಡ್‌ಫೋನಿಗೆ ಏನಾದರೂ ಮಾಡಬಹುದಾ?

ಸೋಲ್ಡರ್_ಹಾಸನ

ಸ್ಪೀಕರ್ ಕಿತ್ತು ಟ್ಯೂಬ್ ಆಂಪ್ ಓಡಿಸಲೇಬಾರದು. ಟ್ರಾನ್ಸಿಸ್ಟರ್ ಆಂಪ್ ಅದನ್ನು ತಡೆದುಕೊಳ್ಳಬಹುದು, ಇದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಅದು ಸುಟ್ಟುಹೋಗಬಹುದು, ಆಂಪ್‌ನಲ್ಲಿ ದುಬಾರಿ ಭಾಗ ಅದೇ. ರಾತ್ರಿ ನುಡಿಸಲು ಲೋಡ್ ಬಾಕ್ಸ್ ಅಂತ ಸಿಗುತ್ತೆ, ಸ್ಪೀಕರಿನ ಜಾಗದಲ್ಲಿ ಹಾಕುವುದು. ಅದರ ಓಮ್ಸ್ ಆಂಪಿನದಕ್ಕೆ ಹೊಂದಬೇಕು, 15ಕ್ಕಿಂತ ಜಾಸ್ತಿ ವ್ಯಾಟ್ ತಾಳಬೇಕು, ಹೆಡ್‌ಫೋನಿಗೆ ಸ್ಪೀಕರ್ ಸಿಮ್ಯುಲೇಶನ್ (ಸ್ಪೀಕರಿನ ಸದ್ದನ್ನು ಅನುಕರಿಸುವುದು) ಇರುವಂಥದ್ದೇ ತಗೊಳ್ಳಿ. ಅಲ್ಲಿಯವರೆಗೆ ರಾತ್ರಿಗೆ ಈಗಿರುವ ಸಣ್ಣ ಆಂಪನ್ನೇ ಇಟ್ಟುಕೊಳ್ಳಿ, ಮಾರಬೇಡಿ.