ಹೊಸ ಬರಹಗಾರರ ಸ್ಪರ್ಧೆ: ಕತೆಯಾಗಿ ಕಳುಹಿಸಲೇ, ಚಿತ್ರಕಥೆಯಾಗಿಯೇ?

ಪ್ರಶ್ನೆ

ಇದುವರೆಗೆ ಪುಸ್ತಕ ಪ್ರಕಟಿಸದವರಿಗಾಗಿ ಕರೆದಿರುವ ಸ್ಪರ್ಧೆಯೊಂದರಲ್ಲಿ ಸಣ್ಣಕತೆ ಮತ್ತು ಕಿರುಚಿತ್ರದ ಚಿತ್ರಕಥೆ ಎಂಬ ಎರಡು ವಿಭಾಗಗಳಿದ್ದು, ಒಬ್ಬರು ಒಂದರಲ್ಲಿ ಮಾತ್ರ ಭಾಗವಹಿಸಬಹುದು. ನನ್ನ ಬಳಿ ಇರುವುದು ಒಂದು ಕತೆ. ಮಾತು ಬಿಟ್ಟಿರುವ ಅಕ್ಕ ತಂಗಿಯರಿಬ್ಬರು ತೀರಿಹೋದ ತಾಯಿಯ ಮನೆಯನ್ನು ಖಾಲಿ ಮಾಡುವ ಒಂದು ದಿನವೇ ಅದರ ವಸ್ತು. ಓದಿದ ಗೆಳೆಯರು ಇದು ಸಿನಿಮಾ ನೋಡಿದಂತಿದೆ ಎನ್ನುತ್ತಾರೆ. ಇದನ್ನು ಚಿತ್ರಕಥೆಯಾಗಿ ಬದಲಿಸುವುದು ಸೂಕ್ತವೇ? ಕತೆಯ ಮೊದಲ ಭಾಗವನ್ನು ಹಿಂದೆ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ನಿಯಮಾವಳಿಯಲ್ಲಿ ‘ಅಪ್ರಕಟಿತ’ ಎಂದಿದೆ. ಬಂದ ಎಲ್ಲ ಬರಹಗಳ ಹಕ್ಕು ಆಯೋಜಕರದು ಎಂಬ ಸಾಲೂ ಇದೆ. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಕತೆಯಲ್ಲಿ ಪಾತ್ರಗಳ ಮನಸ್ಸನ್ನು ನಿರೂಪಕ ಹೇಳುವ ವಾಕ್ಯಗಳನ್ನೆಲ್ಲ ಒಮ್ಮೆ ಅಳಿಸಿ, ಉಳಿದದ್ದನ್ನು ಓದಿ ನೋಡಿ. ಕ್ಯಾಮೆರಾಗೆ ಕಾಣುವುದು ಮತ್ತು ಕಿವಿಗೆ ಕೇಳುವುದು, ಇವೆರಡೇ ಚಿತ್ರಕಥೆಯ ಸಾಮಗ್ರಿ; ಅದನ್ನೂ ವರ್ತಮಾನಕಾಲದಲ್ಲಿಯೇ ಬರೆಯಬೇಕು. ‘ಅಕ್ಕನ ಮೇಲಿನ ಹಳೆಯ ಸಿಟ್ಟು ಮತ್ತೆ ತಲೆಯೆತ್ತಿತು’ ಎಂಬುದು ಕತೆಯಲ್ಲಿ ಸಾಕಾದೀತು. ಚಿತ್ರಕಥೆಯಲ್ಲಾದರೆ ಅಕ್ಕ ಪೆಟ್ಟಿಗೆಯಲ್ಲಿಟ್ಟ ತಾಯಿಯ ಕನ್ನಡಕವನ್ನು ತಂಗಿ ಸದ್ದಿಲ್ಲದೆ ಹೊರತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುವಂಥ ಒಂದು ಕ್ರಿಯೆಯನ್ನು ಹುಡುಕಬೇಕಾಗುತ್ತದೆ. ಅಂಥ ಕ್ರಿಯೆಗಳು ನಿಮಗೆ ತಾನಾಗಿ ಹೊಳೆಯುತ್ತಿದ್ದರೆ ಧೈರ್ಯವಾಗಿ ಬದಲಿಸಿ. ಕತೆಯ ಬಲವೆಲ್ಲ ನಿರೂಪಣೆಯ ದನಿಯಲ್ಲಿದ್ದರೆ ಅದನ್ನು ಕತೆಯಾಗಿಯೇ ಬಿಡಿ. ಹಿನ್ನೆಲೆ ದನಿಯ ಮೂಲಕ ಎಲ್ಲವನ್ನೂ ಹೇಳಿಸುವ ಚಿತ್ರಕಥೆ ಅವಸರದಲ್ಲಿ ರೂಪ ಬದಲಿಸಿದ್ದೆಂಬುದು ತೀರ್ಪುಗಾರರಿಗೆ ಬೇಗ ತಿಳಿಯುತ್ತದೆ.

ರೂಢಿಯ ವಿನ್ಯಾಸದಲ್ಲಿ ಒಂದು ಪುಟ ಸುಮಾರು ಒಂದು ನಿಮಿಷದ ಚಿತ್ರಕ್ಕೆ ಸಮ. ಆದ್ದರಿಂದ 10 ನಿಮಿಷದ ಮಿತಿಯಿದ್ದಲ್ಲಿ ಇಡೀ ದಿನದ ಘಟನೆಗಳು ಹಿಡಿಸಲಾರವು. ಬಹುಶಃ ಒಂದೇ ಕೋಣೆಯನ್ನು, ಒಂದೇ ಜಗಳವನ್ನು ಆರಿಸಿಕೊಳ್ಳಬೇಕಾದೀತು. ಪ್ರತಿ ದೃಶ್ಯದ ತಲೆಯಲ್ಲಿ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂಬುದನ್ನು ನಮೂದಿಸುವುದನ್ನು ಮರೆಯಬೇಡಿ.

ಎರಡನೆಯ ಉತ್ತರ

ವಿಭಾಗ ಯಾವುದೆಂಬುದಕ್ಕಿಂತ ಹಕ್ಕಿನ ಸಾಲು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದವರಿಗೆ ಅದು ತಾನಾಗಿ ಬರುತ್ತದೆ. ಆದರೆ ಒಪ್ಪಿ ಸಹಿ ಮಾಡಿದರೆ ಅದು ಕೈತಪ್ಪಬಹುದು. ಗೆದ್ದ ಬರಹವನ್ನು ಒಮ್ಮೆ ಪ್ರಕಟಿಸಲು ಅನುಮತಿ ಕೇಳುವುದು ನ್ಯಾಯ. ಸೋತವರ ಬರಹಗಳನ್ನೂ, ಅವುಗಳನ್ನು ಚಲನಚಿತ್ರವಾಗಿಸುವ ಹಕ್ಕನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದು ನ್ಯಾಯವಲ್ಲ. ಆ ಸಾಲಿನ ಅರ್ಥವೇನೆಂದು ಆಯೋಜಕರಿಗೆ ಇಮೇಲ್ ಬರೆದು, ಉತ್ತರವನ್ನು ಕಾಪಿಡಿ. ಎಲ್ಲವೂ ತಮ್ಮದೇ ಎಂದರೆ ಬಹುಮಾನ ಎಷ್ಟೇ ದೊಡ್ಡದಿದ್ದರೂ ಕಳುಹಿಸಬೇಡಿ. ಇದು ನನ್ನ ದೃಢ ಅಭಿಪ್ರಾಯ. ಫೇಸ್‌ಬುಕ್ ವಿಷಯವನ್ನೂ ಅದೇ ಪತ್ರದಲ್ಲಿ ಕೇಳಿ, ಏಕೆಂದರೆ ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಅನೇಕ ಸ್ಪರ್ಧೆಗಳು ಪ್ರಕಟಿತವೆಂದೇ ಎಣಿಸುತ್ತವೆ, ಆಮೇಲೆ ಅಳಿಸಿದರೂ ಅದು ಬದಲಾಗುವುದಿಲ್ಲ.

ಮೂರನೆಯ ಉತ್ತರ

ಬರೆದವರ ಹೆಸರು ತೀರ್ಪುಗಾರರಿಗೆ ತಿಳಿಯಬಾರದೆಂಬ ನಿಯಮವಿದ್ದರೆ, ಹಸ್ತಪ್ರತಿಯ ಪುಟಗಳಿಂದ ಮಾತ್ರವಲ್ಲದೆ ಫೈಲಿನ ಹೆಸರಿನಿಂದಲೂ ಅದರ ಪ್ರಾಪರ್ಟೀಸ್‌ನಿಂದಲೂ (ಫೈಲಿನೊಳಗೆ ದಾಖಲಾಗುವ ವಿವರಗಳಿಂದ) ನಿಮ್ಮ ಹೆಸರನ್ನು ತೆಗೆಯಿರಿ. ವರ್ಡ್‌ನಲ್ಲಿ ಬರೆದು ಪಿಡಿಎಫ್ ಮಾಡಿದಾಗ ಲೇಖಕರ ಹೆಸರು ಅಲ್ಲಿ ಉಳಿದುಬಿಡುತ್ತದೆ. ಸಾರಾಂಶ ಕೇಳಿದ್ದರೆ ಅದರಲ್ಲಿ ಅಂತ್ಯವನ್ನು ಮುಚ್ಚಿಡದೆ ಬರೆಯಿರಿ.